ಬೀಗವಿಲ್ಲದ ಗೂಡಿನಲ್ಲಿ ಒಂದು ರಾತ್ರಿ

ಈ ವಿಡಿಯೊದಲ್ಲಿ ಚಿತ್ರಕ್ಕಿಂತ ಮಾತೇ ಹೆಚ್ಚು. ನಾನು ತಂಗಿದ್ದು ಕ್ಯಾಪ್ಸೂಲ್ ಹೋಟೆಲಿನಲ್ಲಿ, ಅಂದರೆ ಒಬ್ಬರು ಮಲಗುವಷ್ಟೇ ಜಾಗದ ಗೂಡುಗಳನ್ನು ಕೆಳಗೊಂದು ಮೇಲೊಂದು ಸಾಲಾಗಿ ಜೋಡಿಸಿದ ಹೋಟೆಲಿನಲ್ಲಿ. ಬೇರೆಯವರು ಮಲಗಿರುವ ಕಡೆ ಇಲ್ಲಿ ಕ್ಯಾಮೆರಾ ತೆರೆಯುವಂತಿಲ್ಲ, ಸ್ನಾನದ ಮನೆಗಂತೂ ಮೊಬೈಲ್ ಒಯ್ಯುವಂತೆಯೇ ಇಲ್ಲ. ಆ ನಿಯಮ ನನಗೆ ಒಪ್ಪಿಗೆಯಾಯಿತು. ಹಾಗಾಗಿ ನನ್ನ ಗೂಡಿನ ಒಳಗೆ ತೆಗೆದ ದೃಶ್ಯಗಳನ್ನಷ್ಟೇ ತೋರಿಸುತ್ತೇನೆ. ಉಳಿದದ್ದನ್ನು ಕೇಳಿಸಿಕೊಳ್ಳಿ.

ಊರು ಜಪಾನಿನ ಒಸಾಕಾ. ಕಾನ್ಸಾಯ್ ವಿಮಾನ ನಿಲ್ದಾಣದಿಂದ ರೈಲು ಹಿಡಿದು ನಾಂಬಾದಲ್ಲಿ ಇಳಿದಾಗ ರಾತ್ರಿ ಹತ್ತೂವರೆ. ಕ್ಯಾಪ್ಸೂಲ್ ಹೋಟೆಲಿನ ಬಾಗಿಲಲ್ಲಿ ಮೊದಲು ಎದುರಾದದ್ದು ಶೂ ಇಡುವ ಪುಟ್ಟ ಕಪಾಟುಗಳ ಸಾಲು. ಶೂ ಬಿಚ್ಚಿ ಒಳಗಿಟ್ಟು ಕೀಲಿಯನ್ನು ಕೌಂಟರಿನಲ್ಲಿ ಕೊಡಬೇಕು, ಅದಕ್ಕೆ ಬದಲಾಗಿ ನಮ್ಮ ಲಾಕರಿನ ಕೀಲಿ ಸಿಗುತ್ತದೆ. ಬಾಡಿಗೆ 3,400 ಯೆನ್, ಅಂದರೆ ಸುಮಾರು 2,000 ರೂಪಾಯಿ. ಕೌಂಟರಿನಲ್ಲಿದ್ದ ಯುವಕ ನಿಯಮಗಳ ಹಾಳೆಯನ್ನು ಮುಂದಿಟ್ಟು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ತೋರಿಸಿದ. ಗೂಡಿನೊಳಗೆ ಊಟವಿಲ್ಲ, ಫೋನಿನಲ್ಲಿ ಮಾತಿಲ್ಲ, ಬೆಳಿಗ್ಗೆ ಹತ್ತಕ್ಕೆ ಹೊರಡಬೇಕು. ನಂತರ ಟವೆಲ್, ಹಲ್ಲುಜ್ಜುವ ಬ್ರಷ್, ರಾತ್ರಿ ಉಡುಪು ಕೊಟ್ಟು ಬಾಗಿ ವಂದಿಸಿದ. ಚೀಲ ಹೊರುವವರಿಲ್ಲ, ಕೋಣೆ ತೋರಿಸುವವರಿಲ್ಲ. ನನ್ನ ದೊಡ್ಡ ಸೂಟ್‌ಕೇಸು ಲಾಕರಿನಲ್ಲಿ ಹಿಡಿಸಲಿಲ್ಲ, ಕೌಂಟರಿನ ಪಕ್ಕದಲ್ಲೇ ಬಿಟ್ಟೆ.

ಈಗ ನೀವು ನೋಡುತ್ತಿರುವುದೇ ನನ್ನ ಗೂಡು. ಉದ್ದ ಸುಮಾರು ಎರಡು ಮೀಟರ್, ಅಗಲ ಒಂದು ಮೀಟರ್, ಎತ್ತರ ಅದಕ್ಕಿಂತ ತುಸು ಹೆಚ್ಚು. ಒಳಗೆ ಕೂರಬಹುದು, ನಿಲ್ಲಲಾಗದು. ತಲೆಯ ಹತ್ತಿರ ದೀಪದ ಗುಂಡಿ, ಗಾಳಿ ಬರುವ ಕಿಂಡಿ, ಚಾರ್ಜ್ ಮಾಡಲು ಒಂದು ಪ್ಲಗ್, ಕನ್ನಡಕ ಇಡಲು ಅಂಗೈ ಅಗಲದ ಹಲಗೆ. ಬೆಂಗಳೂರಿನಿಂದ ಸಾಗರಕ್ಕೆ ಹೋಗುವ ಸ್ಲೀಪರ್ ಬಸ್ಸಿನಲ್ಲಿ ಮೇಲಿನ ಬರ್ತ್ ಹತ್ತಿದವರಿಗೆ ಈ ಜಾಗದ ಅಳತೆ ಹೇಳಿಕೊಡಬೇಕಾಗಿಲ್ಲ. ನನಗೆ ಸಿಕ್ಕಿದ್ದೂ ಮೇಲಿನ ಸಾಲೇ. ಎರಡೇ ಮೆಟ್ಟಿಲಿನ ಕಬ್ಬಿಣದ ಏಣಿ. ಮೊಣಕಾಲು ನೋವಿರುವವರು ಮರೆಯದೆ ಕೆಳಗಿನ ಸಾಲನ್ನು ಕೇಳಿ ಪಡೆಯಿರಿ.

ಕಾಲಿನ ಕಡೆಗೆ ನೋಡಿ. ಅಲ್ಲಿ ಬಾಗಿಲಿಲ್ಲ. ಕೆಳಗೆ ಎಳೆದುಕೊಳ್ಳುವ ಪರದೆ ಮಾತ್ರ, ಬೀಗವೂ ಇಲ್ಲ, ಚಿಲಕವೂ ಇಲ್ಲ. ಜಪಾನಿನ ಕಾನೂನಿನಲ್ಲಿ ಇಂಥ ಹೋಟೆಲುಗಳು ‘ಸರಳ ವಸತಿ’ ಎಂಬ ವರ್ಗಕ್ಕೆ ಸೇರುತ್ತವೆ. ಬೀಗ ಹಾಕುವ ಬಾಗಿಲು ಇಟ್ಟರೆ ಪ್ರತಿ ಗೂಡೂ ಬೇರೆ ಕೋಣೆಯ ಲೆಕ್ಕಕ್ಕೆ ಬಂದು, ಅಗ್ನಿಸುರಕ್ಷತೆಯ ನಿಯಮಗಳೂ ಬೇರೆಯಾಗುತ್ತವೆ. ಕಾರಣ ತಿಳಿದಿದ್ದರೂ ಮೊದಲ ಅರ್ಧ ಗಂಟೆ ಪಾಸ್‌ಪೋರ್ಟನ್ನು ದಿಂಬಿನ ಕೆಳಗಿಟ್ಟುಕೊಂಡು ಎಚ್ಚರವಾಗಿಯೇ ಇದ್ದೆ.

ಆಗ ನೆನಪಾದದ್ದು ಅಜ್ಜನ ಮನೆಯ ಜಗುಲಿ. ಮಳೆಗಾಲಕ್ಕೆ ಮುಂಚೆ ಬರುತ್ತಿದ್ದ ಬಳೆಗಾರರು, ಆಟ ಮುಗಿಸಿ ಮುಂದಿನೂರಿಗೆ ಹೊರಟ ಯಕ್ಷಗಾನ ಮೇಳದವರು, ಕೊನೆಯ ಬಸ್ಸು ತಪ್ಪಿಸಿಕೊಂಡ ಯಾರೋ ಒಬ್ಬರು, ಎಲ್ಲರೂ ಅಲ್ಲಿ ಮಲಗುತ್ತಿದ್ದರು. ಅಜ್ಜಿ ಕೊಡುತ್ತಿದ್ದದ್ದು ಒಂದು ಚಾಪೆ, ಒಂದು ಕಂಬಳಿ, ಒಂದು ತಂಬಿಗೆ ನೀರು. ಜಗುಲಿಗೂ ಬಾಗಿಲಿರಲಿಲ್ಲ. ಎದುರುಸಾಲಿನ ಗೂಡಿಗೆ ಹನ್ನೆರಡೂವರೆಯ ಹೊತ್ತಿಗೆ ಒಬ್ಬರು ಬಂದರು. ಕಚೇರಿಯ ಕಪ್ಪು ಕೋಟು, ಸಡಿಲವಾದ ಟೈ. ಇಲ್ಲಿ ಮಧ್ಯರಾತ್ರಿಯ ಆಸುಪಾಸಿಗೆ ರೈಲುಗಳು ನಿಂತುಬಿಡುತ್ತವೆ, ಮತ್ತೆ ಶುರುವಾಗುವುದು ಬೆಳಗಿನ ಐದರ ಸುಮಾರಿಗೆ. ಅವರು ಕೋಟನ್ನು ಮಡಚಿ ಒಳಗಿಟ್ಟು, ನನ್ನನ್ನು ಕಂಡು ತಲೆಬಾಗಿ, ಪರದೆ ಎಳೆದುಕೊಂಡರು. ಪಾಸ್‌ಪೋರ್ಟನ್ನು ದಿಂಬಿನಡಿಯಿಂದ ತೆಗೆದು ಹಲಗೆಯ ಮೇಲಿಟ್ಟು ನಾನೂ ಮಲಗಿದೆ.

ಈ ಗೂಡುಗಳ ಹುಟ್ಟೂರು ಒಸಾಕಾವೇ. 1979ರಲ್ಲಿ ಉಮೆದಾ ಪ್ರದೇಶದಲ್ಲಿ ಜಗತ್ತಿನ ಮೊದಲ ಕ್ಯಾಪ್ಸೂಲ್ ಹೋಟೆಲು ತೆರೆಯಿತು. ವಿನ್ಯಾಸ ಮಾಡಿದವರು ಕಿಶೋ ಕುರೊಕಾವಾ. ಕಟ್ಟಡವೂ ಜೀವಿಯಂತೆ ಬೆಳೆಯಬೇಕು, ಹಳೆಯ ಕಣ ಉದುರಿ ಹೊಸ ಕಣ ಬರಬೇಕು ಎಂದು ನಂಬಿದ್ದ ವಾಸ್ತುಶಿಲ್ಪಿಗಳ ಗುಂಪಿನವರು ಅವರು. ಟೋಕಿಯೊದಲ್ಲಿ 1972ರಲ್ಲಿ 140 ಕ್ಯಾಪ್ಸೂಲ್‌ಗಳ ನಕಾಗಿನ್ ಎಂಬ ಗೋಪುರವನ್ನು (ಅದು ಹೋಟೆಲಲ್ಲ, ಮನೆ-ಕಚೇರಿಗಳ ಕಟ್ಟಡ) ಕಟ್ಟಿದವರೂ ಅವರೇ. ಹಳೆಯದನ್ನು ಬಿಚ್ಚಿ ಹೊಸ ಕ್ಯಾಪ್ಸೂಲ್ ಜೋಡಿಸುವುದು ಅವರ ಕನಸು. ಅದು ಒಮ್ಮೆಯೂ ನಡೆಯಲಿಲ್ಲ, 2022ರಲ್ಲಿ ಗೋಪುರವನ್ನೇ ಕೆಡವಿದರು. ಅದನ್ನು ಕಣ್ಣಾರೆ ನೋಡಲಾಗಲಿಲ್ಲ ಎಂಬ ಕೊರಗು ನನಗಿದೆ. ಆ ದೊಡ್ಡ ಕನಸಿನಲ್ಲಿ, ಮನೆಗೆ ಹೋಗುವ ಕೊನೆಯ ರೈಲು ತಪ್ಪಿದವನಿಗೆ ಒಂದು ರಾತ್ರಿಯ ಹಾಸಿಗೆ ಎಂಬ ಸಣ್ಣ ಉಪಯೋಗ ಮಾತ್ರ ಉಳಿದು ಊರೂರಿಗೆ ಹರಡಿತು.

ನಿದ್ದೆ ಹೇಗೆ ಬಂತು ಎಂದು ಕೇಳಿದರೆ, ತುಂಡುತುಂಡಾಗಿ ಬಂತು. ಎರಡು ಗೂಡಿನಾಚೆ ಗೊರಕೆ, ಮೂರು ಗಂಟೆಗೆ ಯಾರೋ ಏಣಿ ಇಳಿದ ಸದ್ದು. ಗೂಡಿನೊಳಗೆ ಸೆಕೆಯೂ ಇತ್ತು, ಆ ಕಿಂಡಿಯ ಗಾಳಿ ಸಾಲದು. ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಿ.

ಆದರೆ ಬೆಳಗಿನ ಸ್ನಾನಕ್ಕಾಗಿಯೇ ನಾನು ಇಲ್ಲಿಗೆ ಮತ್ತೆ ಬರುತ್ತೇನೆ. ಸಣ್ಣ ಮಣೆಯ ಮೇಲೆ ಕುಳಿತು, ಸೋಪು ಹಚ್ಚಿ ಮೈ ಪೂರ್ತಿ ತೊಳೆದುಕೊಂಡ ಮೇಲೆಯೇ ಬಿಸಿನೀರಿನ ತೊಟ್ಟಿಗೆ ಇಳಿಯಬೇಕು. ಹಂಡೆಯ ನೀರು ಕಾದಾಗ ನಮ್ಮ ಬಚ್ಚಲಿನಲ್ಲಿ ಏಳುತ್ತಿತ್ತಲ್ಲ, ಅಂಥದೇ ಹಬೆ. ನಂತರ ಲೌಂಜಿನಲ್ಲಿ ಪುಕ್ಕಟೆ ಸಿಗುವ ಬಿಸಿನೀರು ಹಿಡಿದು, ಅಮ್ಮ ಕಟ್ಟಿಕೊಟ್ಟ ಒಗ್ಗರಣೆ ಅವಲಕ್ಕಿಯ ಪುಡಿಕೆಯನ್ನು ನೆನೆಸಿ ತಿಂದೆ. ಸಸ್ಯಾಹಾರಿಗಳೇ, ಇಲ್ಲಿನ ನೂಡಲ್ಸ್ ಸಾರಿನಲ್ಲಿ ಮೀನಿನ ರಸ ಇರುವುದೇ ಹೆಚ್ಚು. ಅವಲಕ್ಕಿ ಜೊತೆಗಿರಲಿ.

ಎದುರು ಗೂಡಿನವರು ಆಗಲೇ ಹೋಗಿದ್ದರು. ಹೊದಿಕೆಯನ್ನು ಅಂಚಿಗೆ ಅಂಚು ಸೇರಿಸಿ ಮಡಚಿಟ್ಟಿದ್ದರು. ನಾನೂ ಒಮ್ಮೆ ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದೆ.

ಎರಡು ರಾತ್ರಿಗೆ ಹಣ ಕಟ್ಟಿದ್ದರೂ ಹತ್ತು ಗಂಟೆಗೆ ಎಲ್ಲರೂ ಹೊರಗೆ, ಅದು ಇಲ್ಲಿಯ ಕ್ರಮ. ಲಾಕರಿನ ಕೀಲಿ ಕೊಟ್ಟು ಶೂ ಕಪಾಟಿನ ಕೀಲಿ ಪಡೆದೆ. ಹಗಲೆಲ್ಲ ಡೊಟೊಂಬೊರಿ ಕಾಲುವೆಯ ದಂಡೆಯಲ್ಲಿ ನಡೆದು, ಮಧ್ಯಾಹ್ನ ಮೂರಕ್ಕೆ ಮರಳಿ ಬಂದೆ. ಅದೇ ಯುವಕ ಅದೇ ಹಾಳೆಯನ್ನು ಮುಂದಿಟ್ಟ. ನಾನು ಬೆರಳು ತೋರಿಸಿ ಕೆಳಗಿನ ಸಾಲಿನ ಗೂಡನ್ನು ಕೇಳಿದೆ.