ನೇಯ್ದ ನಾರಿನ ಬಲ

ಕೇಳುಗರಿಗೆಲ್ಲ ನಮಸ್ಕಾರ.

ಹತ್ತಿರದಲ್ಲಿ ಒಂದು ಕರವಸ್ತ್ರ ಇದ್ದರೆ ಕೈಗೆ ತೆಗೆದುಕೊಳ್ಳಿ. ಎರಡು ಅಂಚು ಹಿಡಿದು ನೂಲಿನ ಉದ್ದಕ್ಕೆ ಎಳೆಯಿರಿ. ಅಷ್ಟೇನೂ ಹಿಗ್ಗುವುದಿಲ್ಲ. ಈಗ ಎದುರುಬದುರಿನ ಮೂಲೆ ಹಿಡಿದು ಎಳೆಯಿರಿ. ಸಲೀಸಾಗಿ ಉದ್ದವಾಗುತ್ತದೆ, ಅಲ್ವಾ? ಬಟ್ಟೆ ಅದೇ, ಎಳೆದ ದಿಕ್ಕು ಮಾತ್ರ ಬೇರೆ. ಇವತ್ತಿನ ಮಾತು ಇಂಥ ನೇಯ್ದ ಬಟ್ಟೆಯನ್ನು ಒಳಗಿಟ್ಟು ಮಾಡಿದ ಹಲಗೆಯ ಬಗ್ಗೆ.

ಸೆಣಬು, ಅಗಸೆ, ಕತ್ತಾಳೆಯಂಥ ಗಿಡಗಳ ನಾರನ್ನು ನೇಯ್ದು ಬಟ್ಟೆ ಮಾಡುತ್ತಾರೆ. ಅದನ್ನು ಕೊಳೆಯಬಲ್ಲ ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಗಟ್ಟಿ ಹಲಗೆಯಾಗುತ್ತದೆ. ಇದೇ ಕಾಂಪೋಸಿಟ್. ಪ್ಲಾಸ್ಟಿಕ್ ಹೆಚ್ಚಾಗಿ ಪಿಎಲ್‌ಎ, ಅಂದರೆ ಪಾಲಿಲ್ಯಾಕ್ಟಿಕ್ ಆಸಿಡ್; ಅದು ಮೆಕ್ಕೆಜೋಳದ ಪಿಷ್ಟ ಅಥವಾ ಕಬ್ಬಿನ ಸಕ್ಕರೆಯಿಂದ ಬಂದದ್ದು. ಬರೀ ಪಿಎಲ್‌ಎ ಸುಮಾರು 50ರಿಂದ 70 ಮೆಗಾಪ್ಯಾಸ್ಕಲ್ ಎಳೆತ ತಡೆಯುತ್ತದೆ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 500ರಿಂದ 700 ಕಿಲೋ ಭಾರ. ಕಡಿಮೆಯೇನಲ್ಲ. ಆದರೆ ಅದು ಪೆಡಸು, ಪೆಟ್ಟು ಬಿದ್ದರೆ ಪಟ್ಟನೆ ಮುರಿಯುತ್ತದೆ. ಒಳಗೆ ಬಟ್ಟೆ ಇದ್ದರೆ ಬಿರುಕು ಒಂದೇ ಏಟಿಗೆ ಆಚೆ ದಾಟಲಾರದು. ನೂಲು ಅಡ್ಡ ಬರುತ್ತದೆ, ಬಿರುಕು ದಾರಿ ಬದಲಿಸುತ್ತದೆ.

ನೇಯ್ಗೆಗೆ ಒಂದು ಬೆಲೆಯೂ ಇದೆ. ಹಾಸು ಹೊಕ್ಕಿನ ಮೇಲೆ, ಕೆಳಗೆ ಹಾಯುವಾಗ ನೂಲು ಅಲೆಯಂತೆ ಬಾಗುತ್ತದೆ. ಎಳೆದಾಗ ಆ ಬಾಗು ಮೊದಲು ನೇರವಾಗಲು ನೋಡುತ್ತದೆ. ಹಾಗಾಗಿ ನೇರ ಹಾಸಿದ ನಾರಿಗಿಂತ ನೇಯ್ದ ಬಟ್ಟೆಯ ಹಲಗೆ ಸ್ವಲ್ಪ ಮೆತ್ತಗೆ. ಸಾದಾ ನೇಯ್ಗೆಯಲ್ಲಿ ಈ ಬಾಗು ಜಾಸ್ತಿ, ಜೀನ್ಸಿನಂತೆ ಓರೆ ಗೆರೆ ಕಾಣುವ ಟ್ವಿಲ್ ನೇಯ್ಗೆಯಲ್ಲಿ ಕಡಿಮೆ. ಬದಲಿಗೆ ಏನು ಸಿಗುತ್ತದೆ? ಎರಡು ದಿಕ್ಕಿನ ಬಲ. ನೇರ ನಾರಿನ ಹಲಗೆಯನ್ನು ಅಡ್ಡಕ್ಕೆ ಎಳೆದರೆ ಸುಲಭವಾಗಿ ಸೀಳಿಹೋಗುತ್ತದೆ. ನನ್ನ ಮಟ್ಟಿಗೆ ಇದು ಒಳ್ಳೆಯ ವ್ಯಾಪಾರ. ಆದರೆ 45 ಡಿಗ್ರಿ ಓರೆಯಾಗಿ ಎಳೆದರೆ ಕರವಸ್ತ್ರದ ಕಥೆಯೇ ಇಲ್ಲೂ. ಆಗ ಭಾರವೆಲ್ಲ ಪ್ಲಾಸ್ಟಿಕ್ಕಿನ ಮೇಲೆ, ಅದು ನೂಲಿಗೆ ಹಿಡಿದುಕೊಂಡಿರುವ ಜಾಗದ ಮೇಲೆ ಬೀಳುತ್ತದೆ.

ಆ ಹಿಡಿತ ಹೇಗಿದೆ ಎಂದು ಮುರಿದ ತುಂಡೇ ಹೇಳುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೆಲವು ತುಂಡುಗಳಲ್ಲಿ ನಾರು ನುಣ್ಣಗೆ ಹೊರಗೆ ಚಾಚಿರುತ್ತದೆ, ಪಕ್ಕದಲ್ಲಿ ಖಾಲಿ ತೂತುಗಳು. ಅಂದರೆ ನಾರು ತುಂಡಾಗಿಲ್ಲ, ಜಾರಿ ಬಂದಿದೆ. ಅದರ ಬಲವೆಲ್ಲ ಬಳಕೆಗೇ ಬರಲಿಲ್ಲ! ಚೆನ್ನಾಗಿ ಅಂಟಿದ್ದರೆ ನಾರು ಮೋಟಾಗಿ ಮುರಿದಿರುತ್ತದೆ, ಮೈಮೇಲೆ ಪ್ಲಾಸ್ಟಿಕ್ಕಿನ ಚೂರು ಕಚ್ಚಿಕೊಂಡಿರುತ್ತದೆ. ಗಿಡದ ನಾರಿಗೆ ನೀರೆಂದರೆ ಪ್ರೀತಿ, ಪಿಎಲ್‌ಎಗೆ ಅಷ್ಟಿಲ್ಲ. ಅದಕ್ಕೇ ಇಬ್ಬರೂ ಸುಲಭವಾಗಿ ಕೂಡುವುದಿಲ್ಲ. ನಾರನ್ನು ತೆಳು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೊಳೆದರೆ ಮೇಲಿನ ಮೇಣ, ಅಂಟು ಹೋಗಿ ಮೈ ತರಿತರಿಯಾಗುತ್ತದೆ, ಹಿಡಿತ ಹೆಚ್ಚುತ್ತದೆ. ದ್ರಾವಣ ಖಾರವಾದರೆ ನಾರೇ ಸೊರಗುತ್ತದೆ. ನೂಲಿಗೆ ಹುರಿ ಜಾಸ್ತಿ ಕೊಟ್ಟರೂ ಕಷ್ಟ, ಕರಗಿದ ಪ್ಲಾಸ್ಟಿಕ್ ಒಳಗೆ ಇಳಿಯದೆ ನಡುವೆ ಒಣ ಜಾಗ ಉಳಿಯುತ್ತದೆ. ಬಿಸಿ ಏರಿಸಿ ಪ್ಲಾಸ್ಟಿಕ್ಕನ್ನು ಒಳಗೆ ಇಳಿಸೋಣ ಎಂದರೆ, 200 ಡಿಗ್ರಿ ದಾಟಿದ ಮೇಲೆ ನಾರು ಕಂದಿ ಕೆಡಲು ಶುರು. ಪಿಎಲ್‌ಎ ಕರಗುವುದೇ 150ರಿಂದ 180ರ ನಡುವೆ. ಆಟಕ್ಕೆ ಇರುವ ಜಾಗ ಅಷ್ಟೇ.

ಇನ್ನು ನೀರು. ಹಲಗೆಯ ಮೇಲ್ಮೈಗಿಂತ ಕೊಯ್ದ ಅಂಚು, ಕೊರೆದ ತೂತುಗಳಿಂದಲೇ ನೀರು ಬೇಗ ಒಳಗೆ ಹೋಗುತ್ತದೆ, ಏಕೆಂದರೆ ಅಲ್ಲಿ ನೂಲಿನ ತುದಿ ತೆರೆದಿರುತ್ತದೆ. ನಾರು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೀಗೆ ಮತ್ತೆ ಮತ್ತೆ ಆದರೆ ಸಣ್ಣ ಬಿರುಕು ಮೂಡಿ ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ಒಣ ಹಲಗೆಯ ಪರೀಕ್ಷೆಯ ಅಂಕಿ ಒಂದನ್ನೇ ನಂಬಬೇಡಿ. ನೆನೆಸಿ ಎಳೆದ ಅಂಕಿಯನ್ನೂ ಕೇಳಿ.

ಆದರೆ ಕೊನೆಗೆ ಕೊಳೆಯಲು ಬೇಕಾಗಿರುವುದೂ ಇದೇ ನೀರು. ಪಿಎಲ್‌ಎಯ ಉದ್ದ ಸರಪಳಿಯನ್ನು ಮೊದಲು ನೀರು ತುಂಡರಿಸುತ್ತದೆ, ಆಮೇಲೆ ಸೂಕ್ಷ್ಮಜೀವಿಗಳು ತಿನ್ನುತ್ತವೆ. ಇದು ಚುರುಕಾಗಿ ನಡೆಯಲು 58 ಡಿಗ್ರಿಯ ಆಸುಪಾಸಿನ ಬಿಸಿ ಬೇಕು. ದೊಡ್ಡ ಕಾಂಪೋಸ್ಟ್ ಘಟಕಗಳಲ್ಲಿ ಅದು ಸಿಗುತ್ತದೆ. ಸುಮ್ನೆ ತಣ್ಣನೆ ಮಣ್ಣಲ್ಲಿ ಹೂತರೆ ಪಿಎಲ್‌ಎ ವರ್ಷಗಟ್ಟಲೆ ಹಾಗೇ ಇರುತ್ತದೆ. ಹಾಗಾಗಿ ಬಳಕೆಯಲ್ಲಿ ಇರುವಷ್ಟು ದಿನ ಅಂಚುಗಳಿಗೆ ಲೇಪ ಹಚ್ಚಿ ಮುಚ್ಚಿಡಬೇಕು. ಕೆಲಸ ಮುಗಿದ ಮೇಲೆ ಹಲಗೆಯನ್ನು ಚೂರು ಮಾಡಿ ಅಂಥ ಘಟಕಕ್ಕೆ ಕಳಿಸಬೇಕು. ಚೂರು ಸಣ್ಣದಾದಷ್ಟೂ ತೆರೆದ ಅಂಚು ಜಾಸ್ತಿ, ನೀರು ಒಳಹೋಗುವುದೂ ಬೇಗ.

ನಮಸ್ಕಾರ.