ಯಾವ ಕಡ್ಡಿ?

ಕೇಳುಗರಿಗೆಲ್ಲ ನಮಸ್ಕಾರ. ಇವತ್ತಿನ ವಿಷಯ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳು. ಅವುಗಳಿಗೆ ಇಂಗ್ಲಿಷ್ ವೈದ್ಯಶಾಸ್ತ್ರ ಏನು ಹೆಸರಿಟ್ಟಿದೆ, ಕೊರಿಯಾದ ವೈದ್ಯಶಾಸ್ತ್ರ ಏನು ಹೆಸರಿಟ್ಟಿದೆ ಎಂದು ಮಾತಾಡಬೇಕು. "ಕೊರಿಯಾ ಯಾಕ್ರೀ?" ಎಂದು ನಿರ್ಮಾಪಕರೂ ಕೇಳಿದರು. ನಾನು ಅಲ್ಲಿನ ಪ್ರಯೋಗಾಲಯಗಳ ಜೊತೆ ಬಹಳ ಕಾಲ ಕೆಲಸ ಮಾಡಿದವಳು. ನಮ್ಮವರು ಎಡವುವ ಒಂದು ಕಡೆ ಅವರು ಎಡವುವುದಿಲ್ಲ ಎಂಬುದನ್ನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಕೊರಿಯಾ. ಜಿಲ್ಲಾ ಕೇಂದ್ರಗಳಲ್ಲಿ ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಓದುತ್ತಿರುವ ಮಕ್ಕಳು ಕೇಳುತ್ತಿದ್ದರೆ ನೋಟ್ ಪುಸ್ತಕ ಹತ್ತಿರ ಇಟ್ಟುಕೊಳ್ಳಿ. ಮನೆಯವರಿಗೆ ಪುಸ್ತಕ ಬೇಡ, ಒಂದೇ ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಂಡರೆ ಸಾಕು: "ಯಾವ ಕಡ್ಡಿ?"

ವಾರಕ್ಕೊಮ್ಮೆಯಾದರೂ ಯಾರಾದರೂ ನನಗೆ ವಾಟ್ಸಾಪಿನಲ್ಲಿ ಲ್ಯಾಬ್ ರಿಪೋರ್ಟಿನ ಫೋಟೋ ಕಳಿಸುತ್ತಾರೆ. ಹೆಚ್ಚಿನವು ಮೂತ್ರ ಪರೀಕ್ಷೆಯವು. ಅದರಲ್ಲಿ "ಗ್ರಾಮ್ ನೆಗೆಟಿವ್ ಬ್ಯಾಸಿಲೈ ಕಂಡುಬಂದಿದೆ" ಎಂದಿರುತ್ತದೆ. ಕೆಳಗೆ ಅವರ ಪ್ರಶ್ನೆ: "ಮೇಡಂ, ನಮ್ಮತ್ತೆಗೆ ಬ್ಯಾಸಿಲೈ ಬಂದಿದೆಯಂತೆ, ಗುಣವಾಗುತ್ತಾ?" ಅಯ್ಯೋ ದೇವರೇ! ಬ್ಯಾಸಿಲೈ ಅನ್ನುವುದು ಕಾಯಿಲೆಯ ಹೆಸರಲ್ಲ. ಬ್ಯಾಸಿಲಸ್ ಎಂದರೆ ಲ್ಯಾಟಿನ್ನಿನಲ್ಲಿ ಸಣ್ಣ ಕೋಲು, ಅದರ ಬಹುವಚನ ಬ್ಯಾಸಿಲೈ. ಗ್ರಾಮ್ ನೆಗೆಟಿವ್ ಎಂದರೆ ಗ್ರಾಮ್ ಎಂಬ ಬಣ್ಣದ ಪರೀಕ್ಷೆಯಲ್ಲಿ ನೇರಳೆ ಬಣ್ಣ ಉಳಿಸಿಕೊಳ್ಳದವು. "ಕಡ್ಡಿಗಳು ಕಂಡವು" ಎಂದಷ್ಟೇ ಆ ರಿಪೋರ್ಟ್ ಹೇಳುತ್ತಿದೆ. ಯಾವ ಕಡ್ಡಿ ಎಂದು ಅದಿನ್ನೂ ಹೇಳಿಲ್ಲ.

ಆಕಾರವೆಂದರೆ ಎಷ್ಟು ಪುಟ್ಟದ್ದು ಎಂದು ಒಂದು ಅಂದಾಜು ಕೊಡುತ್ತೇನೆ. ನಮ್ಮ ಕರುಳಿನಲ್ಲಿರುವ ಇ. ಕೋಲೈ ಸುಮಾರು 2 ಮೈಕ್ರಾನ್ ಉದ್ದ. ಇಂಥ 500 ಕಡ್ಡಿಗಳನ್ನು ತುದಿಗೆ ತುದಿ ಜೋಡಿಸಿದರೆ ಒಂದು ಮಿಲಿಮೀಟರ್. ಇಷ್ಟು ಸಣ್ಣ ಜೀವಿಗಳನ್ನು ಮೊದಲು ಕಂಡವರು ಆಕಾರ ನೋಡಿ ಹೆಸರಿಡದೆ ಇನ್ನೇನು ಮಾಡಿಯಾರು? ಉದ್ದಗಿದ್ದದ್ದು ಬ್ಯಾಸಿಲಸ್, ಗುಂಡಗಿದ್ದದ್ದು ಕಾಕಸ್, ಸುರುಳಿಯಾಗಿದ್ದದ್ದು ಸ್ಪೈರಿಲಮ್. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. 1872ರಲ್ಲಿ ಬ್ರೆಸ್ಲಾವಿನ ಸಸ್ಯವಿಜ್ಞಾನಿ ಫರ್ಡಿನಾಂಡ್ ಕೋನ್ ಅದೇ ಬ್ಯಾಸಿಲಸ್ ಎಂಬ ಹೆಸರನ್ನು ಒಂದು ಕುಲಕ್ಕೂ, ಅಂದರೆ ಹತ್ತಿರದ ಸಂಬಂಧಿ ಜೀವಿಗಳ ಒಂದು ಗುಂಪಿಗೂ ಇಟ್ಟರು. ಅಂದಿನಿಂದ ಇಂಗ್ಲಿಷಿನಲ್ಲಿ ಈ ಹೆಸರಿಗೆ ಎರಡು ಕೆಲಸ. ದೊಡ್ಡಕ್ಷರದಲ್ಲಿ ಶುರುವಾದರೆ ಕೋನರ ಕುಲ, ಸಣ್ಣಕ್ಷರದಲ್ಲಿ ಬರೆದರೆ ಯಾವುದೇ ಕಡ್ಡಿ. ಕ್ಷಯದ ಬ್ಯಾಸಿಲಸ್ ಎನ್ನುತ್ತಾರಲ್ಲ, ಅದು ಆ ಕುಲಕ್ಕೆ ಸೇರಿದ್ದೇ ಅಲ್ಲ! ಅದರ ಕುಲ ಮೈಕೋಬ್ಯಾಕ್ಟೀರಿಯಂ. ಇಂಗ್ಲಿಷ್ ಓದುವವರು ಅಕ್ಷರದ ಗಾತ್ರ ನೋಡಿ ಪಾರಾಗುತ್ತಾರೆ. ಆದರೆ ಕಿವಿಗೆ ದೊಡ್ಡಕ್ಷರ ಕೇಳಿಸುತ್ತದೆಯೇ? ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಇದೆಯೇ? ಕೊರಿಯನ್ ಲಿಪಿಯಲ್ಲೂ ಇಲ್ಲ.

ಇಲ್ಲಿಯೇ ಕೊರಿಯಾದವರು ಜಾಣರು. ಕುಲದ ಹೆಸರನ್ನು ಅವರು ಹಾಗೇ ಎರವಲು ತಂದು "ಬಾಸಿಲ್ಲುಸ್" ಎನ್ನುತ್ತಾರೆ, ಕೊನೆಯಲ್ಲಿ "ಸೋಕ್" ಎಂದು ಸೇರಿಸುತ್ತಾರೆ, ಸೋಕ್ ಎಂದರೆ ಕುಲ. ಆಕಾರಕ್ಕೆ ಬೇರೆಯೇ ಹೆಸರು: "ಗಾನ್‌ಗ್ಯೂನ್". ಗ್ಯೂನ್ ಎಂದರೆ ಸೂಕ್ಷ್ಮಾಣು, ಗಾನ್ ಎಂದರೆ ಕೋಲು. ಇದು ಚೀನೀ ಅಕ್ಷರಗಳಿಂದ ಕಟ್ಟಿದ ಹೆಸರು, ಜಪಾನಿನ ವೈದ್ಯಶಾಸ್ತ್ರದ ದಾರಿಯಲ್ಲಿ ಅಲ್ಲಿಗೆ ಬಂದದ್ದು. ಈಗ ಕೊರಿಯಾದವರು ಚೀನೀ ಅಕ್ಷರ ಬಿಟ್ಟು ತಮ್ಮ ಹಾಂಗುಲ್ ಲಿಪಿಯಲ್ಲೇ ಬರೆಯುತ್ತಾರೆ. ಅದರಿಂದ ಒಂದು ಪೇಚು ಹುಟ್ಟಿತು. ಅವರಲ್ಲಿ ಗಾನ್ ಎಂದರೆ ಯಕೃತ್ತು ಕೂಡ! ಹೆಪಟೈಟಿಸಿಗೆ ಅವರು "ಗಾನ್‌ಯೊಮ್" ಎನ್ನುತ್ತಾರೆ. ಗೊತ್ತಿಲ್ಲದವರ ಕಿವಿಗೆ ಗಾನ್‌ಗ್ಯೂನ್ ಎಂದರೆ ಲಿವರಿನ ರೋಗಾಣು. ಆಮೇಲೆ ಕೊರಿಯಾದ ವೈದ್ಯಕೀಯ ಪದಕೋಶಗಳು ಗಾನ್ ಬದಲು ಅಚ್ಚ ಕೊರಿಯನ್ನಿನ ಮಕ್ಡೆ ಇಟ್ಟು "ಮಕ್ಡೆಗ್ಯೂನ್" ಎಂಬುದನ್ನು ಮುಂದೆ ತಂದವು. ಮಕ್ಡೆ ಎಂದರೆ ಕೋಲು, ಮಗುವಿಗೂ ಗೊತ್ತು. ಗುಂಡಗಿನದಕ್ಕೆ "ಆಲ್‌ಗ್ಯೂನ್", ಆಲ್ ಎಂದರೆ ಮೊಟ್ಟೆ, ಕಾಳು. ಹಳೆಯ ವೈದ್ಯರು ಇನ್ನೂ ಗಾನ್‌ಗ್ಯೂನ್ ಬಿಟ್ಟಿಲ್ಲ, ಹಾಗಾಗಿ ವಿದ್ಯಾರ್ಥಿಗಳು ಗೊಣಗಿಕೊಂಡು ಎರಡನ್ನೂ ಕಲಿಯುತ್ತಾರೆ. ಇರಲಿ. ಆಕಾರಕ್ಕೊಂದು ಹೆಸರು, ಕುಲಕ್ಕೊಂದು ಹೆಸರು, ಎರಡೂ ಕಲೆಸಿಹೋಗುವುದಿಲ್ಲ. ನಮ್ಮ ಹಳೆಯ ವಿಜ್ಞಾನ ಪುಸ್ತಕಗಳಲ್ಲೂ ಆಕಾರಕ್ಕೆ ದಂಡಾಣು ಎಂಬ ಚೆಂದದ ಹೆಸರಿದೆ. ಇದ್ದೂ ನಾವು ಬಳಸುವುದಿಲ್ಲ.

ಇನ್ನು ಯಾವ ಕಡ್ಡಿ ಎಂಬ ಪ್ರಶ್ನೆಗೆ ಬರೋಣ. ಕ್ಷಯದ ಕಡ್ಡಿಗೆ ಕೊರಿಯಾದಲ್ಲಿ "ಗ್ಯೊಲ್‌ಹೆಕ್‌ಗ್ಯೂನ್" ಎನ್ನುತ್ತಾರೆ. ಕೋಲಿನ ಸುದ್ದಿಯೇ ಇಲ್ಲ, ಗ್ಯೊಲ್‌ಹೆಕ್ ಎಂದರೆ ನೇರವಾಗಿ ಕ್ಷಯ. ಈ ಕಡ್ಡಿಯ ಕಥೆ ಹೇಳದೆ ನಾನು ಮುಂದೆ ಹೋಗುವವಳಲ್ಲ.

ಸೋಲ್ ನಗರದಲ್ಲಿ ಕಿಮ್ ಜೊಮ್‌ದೊಂಗ್ ಎಂಬ ಹುಡುಗಿಯಿದ್ದಳು. ಇಹ್ವಾ ಶಾಲೆಯಲ್ಲಿ ಇಂಗ್ಲಿಷ್ ಕಲಿತಿದ್ದಳು. ಅಮೆರಿಕದಿಂದ ಬಂದಿದ್ದ ಡಾಕ್ಟರ್ ರೊಸೆಟ್ಟಾ ಶೆರ್ವುಡ್ ಹಾಲ್ ಅವರಿಗೆ ಹೆಂಗಸರ ಆಸ್ಪತ್ರೆಯಲ್ಲಿ ದುಭಾಷಿಯಾಗಿ ನಿಂತಳು. ಮೊದಮೊದಲು ಶಸ್ತ್ರಚಿಕಿತ್ಸೆ ಅಂದರೆ ಅವಳಿಗೆ ಆಗುತ್ತಿರಲಿಲ್ಲ. ಸೀಳುತುಟಿಯ ಒಂದು ಆಪರೇಷನ್ ನೋಡಿದ ಮೇಲೆ ಮನಸ್ಸು ತಿರುಗಿತು, ತಾನೂ ಡಾಕ್ಟರಾಗಬೇಕು ಎಂದಳು. ಪಾರ್ಕ್ ಯೂಸಾನ್ ಎಂಬಾತನ ಜೊತೆ ಮದುವೆಯಾಯಿತು. ದೀಕ್ಷಾಸ್ನಾನದ ಹೆಸರು ಎಸ್ತರ್, ಗಂಡನ ಮನೆತನ ಪಾರ್ಕ್, ಹಾಗಾಗಿ ಚರಿತ್ರೆಯಲ್ಲಿ ಅವಳು ಎಸ್ತರ್ ಪಾರ್ಕ್. 1894ರಲ್ಲಿ ರೊಸೆಟ್ಟಾ ಅವರ ಗಂಡ ಟೈಫಸ್ ಜ್ವರಕ್ಕೆ ಬಲಿಯಾದರು. ಕೈಗೂಸು ಶೆರ್ವುಡ್‌ನನ್ನು ಎತ್ತಿಕೊಂಡು ಆಕೆ ಅಮೆರಿಕಕ್ಕೆ ಹೊರಟಾಗ ಎಸ್ತರ್ ಮತ್ತು ಯೂಸಾನ್ ಜೊತೆಗೆ ಹೋದರು.

ಮುಂದಿನದನ್ನು ಗಮನವಿಟ್ಟು ಕೇಳಿ. ಆ ಕಾಲದ ಕೊರಿಯಾದಲ್ಲಿ ಹೆಂಡತಿಯ ಓದಿಗೆ ಗಂಡ ದುಡಿಯುವುದೆಂದರೆ ಜನ ನಗುತ್ತಿದ್ದರು. ಯೂಸಾನ್ ದುಡಿದ. ಕೃಷಿಕೂಲಿ ಮಾಡಿದ, ಹೋಟೆಲಿನಲ್ಲಿ ಕೆಲಸ ಮಾಡಿದ, ಆಕೆ ಬಾಲ್ಟಿಮೋರಿನ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಓದಿದಳು. 1900ರಲ್ಲಿ ಆಕೆ ಪದವಿ ಪಡೆದಳು, ಪಾಶ್ಚಾತ್ಯ ವೈದ್ಯಪದವಿ ಪಡೆದ ಮೊದಲ ಕೊರಿಯನ್ ಮಹಿಳೆ. ಅದನ್ನು ನೋಡಲು ಯೂಸಾನ್ ಇರಲಿಲ್ಲ. ಪದವಿಗೆ ಸ್ವಲ್ಪ ಮುಂಚೆ ಕ್ಷಯ ಅವನನ್ನು ಒಯ್ದಿತ್ತು. ರಾಬರ್ಟ್ ಕೋಖ್ ಬರ್ಲಿನ್ನಿನಲ್ಲಿ ಈ ಕಡ್ಡಿಯನ್ನು ಜಗತ್ತಿಗೆ ತೋರಿಸಿದ್ದು 1882ರ ಮಾರ್ಚ್ 24ರಂದು. ಅಂದರೆ ಯಾವ ಕಡ್ಡಿ ಎಂದು ಗೊತ್ತಿತ್ತು, ಔಷಧಿ ಮಾತ್ರ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ.

ಎಸ್ತರ್ ಊರಿಗೆ ಮರಳಿ ಸೋಲ್‌ನಲ್ಲಿ, ಪ್ಯೊಂಗ್ಯಾಂಗ್‌ನಲ್ಲಿ ಬಿಡುವಿಲ್ಲದೆ ರೋಗಿಗಳನ್ನು ನೋಡಿದಳು. 1910ರಲ್ಲಿ ಅವಳೂ ಅದೇ ಕ್ಷಯಕ್ಕೆ ತುತ್ತಾದಳು. ಅವಳ ತೊಡೆಯ ಮೇಲೆ ಆಡಿ ಬೆಳೆದ ಹುಡುಗ ಶೆರ್ವುಡ್ ಹಾಲ್‌ಗೆ ಆಗ ಹದಿನಾರು. ತಾನು ಕ್ಷಯದ ಡಾಕ್ಟರೇ ಆಗುತ್ತೇನೆ ಎಂದು ಹಟ ಹಿಡಿದ. ಟೊರಾಂಟೊದಲ್ಲಿ ಓದಿ, ಡಾಕ್ಟರಾಗಿದ್ದ ಹೆಂಡತಿ ಮೇರಿಯನ್ ಜೊತೆ ಕೊರಿಯಾಕ್ಕೆ ಬಂದು, 1928ರಲ್ಲಿ ಹೇಜು ಊರಿನಲ್ಲಿ ಕ್ಷಯ ಆಶ್ರಮ ತೆರೆದ. ದುಡ್ಡಿಗೆ ಏನು ಮಾಡುವುದು? 1932ರಲ್ಲಿ ಕ್ರಿಸ್ಮಸ್ ಸೀಲ್ ಎಂಬ ಪುಟ್ಟ ಅಂಟುಚೀಟಿ ಅಚ್ಚು ಹಾಕಿಸಿ ಮಾರಿದ. ಮೊದಲು ಅವನು ಬಯಸಿದ ಚಿತ್ರ ಆಮೆ ಹಡಗು, ಅದರ ಫಿರಂಗಿ ಕ್ಷಯದ ಕಡೆ ಗುರಿಯಿಟ್ಟಿರಬೇಕು ಎಂದು. ಆದರೆ ಅಲ್ಲಿ ಆಗ ಆಳುತ್ತಿದ್ದವರು ಜಪಾನೀಯರು. ಆಮೆ ಹಡಗು ಯಾರದು? 1592ರಲ್ಲಿ ಅದೇ ಜಪಾನಿನ ನೌಕಾಪಡೆಯನ್ನು ಬಡಿದ ಸೇನಾನಿ ಈ ಸುನ್‌ಶಿನ್‌ನದು! ಬಿಡುತ್ತಾರೆಯೇ? ಚಿತ್ರ ಬದಲಾಗಿ ಸೋಲ್‌ನ ದಕ್ಷಿಣ ಹೆಬ್ಬಾಗಿಲು ಬಂತು. ಕೊನೆಗೆ ಗೂಢಚಾರನೆಂಬ ಆರೋಪ ಹೊರಿಸಿ ಅವನನ್ನು ದೇಶದಿಂದ ಹೊರಗಟ್ಟಿದರು. ಹೊರಟವನು ಎಲ್ಲಿಗೆ ಬಂದ ಗೊತ್ತೇ? ನಮ್ಮ ದೇಶಕ್ಕೆ. ರಾಜಸ್ಥಾನದ ಅಜ್ಮೇರ್ ಪಕ್ಕದ ಮದಾರ್‌ನ ಕ್ಷಯ ಆಸ್ಪತ್ರೆಯಲ್ಲಿ 1963ರವರೆಗೆ ದುಡಿದ, ಇಲ್ಲೂ ಸೀಲ್ ಹಂಚಿದ. ಈಗ ಅವನ ಸಮಾಧಿ ಸೋಲ್‌ನ ಯಾಂಗ್ಹ್ವಾಜಿನ್‌ನಲ್ಲಿದೆ, ನಾನು ಹೋಗಿ ನೋಡಿದ್ದೇನೆ.

ಗಡಿಯಾರ ತೋರಿಸುತ್ತಿದ್ದಾರೆ. ಈ ಕಥೆ ಶುರುಮಾಡಿದರೆ ನನ್ನದು ಯಾವಾಗಲೂ ಹೀಗೇ.

ಆ ಕಡ್ಡಿ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಲ್ಯಾಬಿನ ಮಕ್ಕಳಿಗೆ ಹೇಳಲೇಬೇಕು. ಕಫವನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಕೆಂಪು ಬಣ್ಣ ಸುರಿದು, ಕೆಳಗಿನಿಂದ ಹಬೆಯೇಳುವಷ್ಟು ಬಿಸಿಮಾಡಬೇಕು, ಕುದಿಯಬಾರದು. ಆಮೇಲೆ ಆಮ್ಲ ಹಾಕಿ ತೊಳೆಯಬೇಕು. ಬೇರೆಲ್ಲ ಕಣಗಳೂ ಕೆಂಪನ್ನು ಬಿಟ್ಟುಕೊಡುತ್ತವೆ, ಈ ಕಡ್ಡಿಗೆ ಮೇಣದ ಹೊದಿಕೆ ಇರುವುದರಿಂದ ಅದು ಮಾತ್ರ ಬಿಡುವುದಿಲ್ಲ. ಮೇಲೆ ನೀಲಿ ಬಣ್ಣ ಹಾಕಿ ಎಣ್ಣೆಯ ಮಸೂರದಲ್ಲಿ ನೋಡಿದರೆ ನೀಲಿ ನೆಲದ ಮೇಲೆ ಸಣ್ಣಗೆ ಬಾಗಿದ ಕೆಂಪು ಕಡ್ಡಿಗಳು, ಒಂಟಿಯಾಗಿ, ಕೆಲವೊಮ್ಮೆ ಎರಡು ಒಂದರ ಮೇಲೊಂದು ಅಡ್ಡ ಬಿದ್ದು ಕಾಣುತ್ತವೆ. ಇಲ್ಲ ಎಂದು ಬರೆಯುವ ಮುನ್ನ ಕನಿಷ್ಠ 100 ಕ್ಷೇತ್ರ, ಅಂದರೆ ಮಸೂರದಲ್ಲಿ ಒಂದು ಸಲಕ್ಕೆ ಕಾಣುವಷ್ಟು ಜಾಗವನ್ನು ನೂರು ಕಡೆ ನೋಡಬೇಕು. ಹತ್ತು ನೋಡಿ ಎದ್ದು ಚಹಾಕ್ಕೆ ಹೋಗುವವರು ದಯವಿಟ್ಟು ಬೇರೆ ಕೆಲಸ ಹುಡುಕಿಕೊಳ್ಳಿ. ರಿಪೋರ್ಟಿನಲ್ಲಿ ಎ.ಎಫ್.ಬಿ. ಎಂದು ಬರೆಯುವುದು ಇದನ್ನೇ, ಆಸಿಡ್ ಫಾಸ್ಟ್ ಬ್ಯಾಸಿಲೈ, ಆಮ್ಲ ಹಾಕಿದರೂ ಬಣ್ಣ ಬಿಡದ ಕಡ್ಡಿಗಳು. ಅದರ ಕೊನೆಯ ಬಿ ಕೂಡ ಬ್ಯಾಸಿಲೈ. ಮಗುವಿಗೆ ಹಾಕಿಸುವ ಬಿ.ಸಿ.ಜಿ.ಯ ಮೊದಲ ಬಿ ಕೂಡ ಅದೇ. ಒಂದು ರೋಗದ್ದು, ಇನ್ನೊಂದು ರೋಗ ತಡೆಯುವ ಲಸಿಕೆಯದು. ಎರಡೂ ಕಡ್ಡಿಯೇ! ಅದಕ್ಕೇ ಕೇಳುವುದು, ಯಾವ ಕಡ್ಡಿ?

ಉಳಿದವು ಬೇಗ ಬೇಗ. ಇ. ಕೋಲೈಗೆ ಕೊರಿಯನ್ನರು "ದೇಜಾಂಗ್‌ಗ್ಯೂನ್" ಎನ್ನುತ್ತಾರೆ, ಅಂದರೆ ದೊಡ್ಡ ಕರುಳಿನದು. ಅದರ ವಿಳಾಸವೇ ಹೆಸರಿನಲ್ಲಿದೆ. ಸುಟ್ಟಗಾಯಕ್ಕೆ ಬೀಳುವ ಸ್ಯೂಡೊಮೋನಾಸ್‌ಗೆ "ನೊಂಗ್‌ನೊಂಗ್‌ಗ್ಯೂನ್", ಹಸಿರು ಕೀವಿನದು. ಬ್ಯಾಂಡೇಜ್ ಬಿಚ್ಚಿ ಆ ಹಸಿರು ನೋಡಿದ ನರ್ಸಿಗೆ ಈ ಹೆಸರು ಎಂದಾದರೂ ಮರೆತೀತೇ? ಆಮಶಂಕೆಯ ಶಿಗೆಲ್ಲಾಕ್ಕೆ "ಇಜಿಲ್‌ಗ್ಯೂನ್". ಅದನ್ನು 1897ರಲ್ಲಿ ಕಂಡುಹಿಡಿದ ಜಪಾನಿನ ಶಿಗಾ ಕಿಯೋಶಿ ಮುಂದೆ ಸೋಲ್‌ನ ವಿಶ್ವವಿದ್ಯಾಲಯಕ್ಕೇ ಅಧ್ಯಕ್ಷರಾದರು, ಆ ಕಥೆ ಇನ್ನೊಮ್ಮೆ. ಧನುರ್ವಾಯುವಿನ ಕಡ್ಡಿಯ ತುದಿಯಲ್ಲಿ ಬೀಜಕ ಉಬ್ಬಿಕೊಂಡು ಥೇಟ್ ಬೆಂಕಿಕಡ್ಡಿಯ ಹಾಗೆ ಕಾಣುತ್ತದೆ, ಪರೀಕ್ಷೆಯಲ್ಲಿ ಚಿತ್ರ ಕೇಳುತ್ತಾರೆ, ಬರೆದುಕೊಳ್ಳಿ.

ಕೋನರ ಬ್ಯಾಸಿಲಸ್ ಕುಲದ ಹಿರಿಯ ಬ್ಯಾಸಿಲಸ್ ಸಬ್‌ಟಿಲಿಸ್‌ಗೆ ಅಲ್ಲಿ "ಗೊಚೊಗ್ಯೂನ್", ಒಣಹುಲ್ಲಿನದು. ಹುಲ್ಲನ್ನು ನೀರಿನಲ್ಲಿ ಕುದಿಸಿದರೂ ಇದರ ಬೀಜಕ ಸಾಯುವುದಿಲ್ಲ. ಕೊರಿಯಾದ ಅಜ್ಜಿಯರು ಬೇಯಿಸಿದ ಸೋಯಾ ಕಾಳನ್ನು ಅಚ್ಚು ಮಾಡಿ ಭತ್ತದ ಹುಲ್ಲಿನಲ್ಲಿ ಕಟ್ಟಿ ಚಾವಣಿಗೆ ತೂಗುಹಾಕುತ್ತಾರಲ್ಲ, ಅದನ್ನು ಹುದುಗಿಸಲು ಬರುವವರಲ್ಲಿ ಮುಖ್ಯರು ಹುಲ್ಲಿನೊಳಗಿನ ಈ ಕಡ್ಡಿಗಳೇ. ನಮ್ಮ ಮನೆಯ ಮೊಸರಿನಲ್ಲೂ ಲ್ಯಾಕ್ಟೋಬ್ಯಾಸಿಲಸ್ ಎಂಬ ಕಡ್ಡಿಯಿದೆ. ಮೊಸರನ್ನ ಉಂಡು ಯಾರಾದರೂ "ಬ್ಯಾಸಿಲೈ ಬಂತು" ಎಂದು ಅಳುತ್ತಾರೆಯೇ?

ಈಗ ಮೂತ್ರದ ರಿಪೋರ್ಟಿಗೆ. "ಗ್ರಾಮ್ ನೆಗೆಟಿವ್ ಬ್ಯಾಸಿಲೈ" ಎಂಬುದು ಮೊದಲ ದಿನದ ಮಾತು. ಕಲ್ಚರ್ ಇಟ್ಟು, ಅಂದರೆ ಲ್ಯಾಬಿನಲ್ಲಿ ಆ ಕಡ್ಡಿಯನ್ನು ಬೆಳೆಸಿ, ಅದರ ಹೆಸರು, ಯಾವ ಔಷಧಿಗೆ ಬಗ್ಗುತ್ತದೆ ಎಂಬುದು ಬರಲು ಎರಡು ಮೂರು ದಿನ ಬೇಕು. ಆ ಮೊದಲ ಹಾಳೆ ಹಿಡಿದುಕೊಂಡು ಮೆಡಿಕಲ್ ಶಾಪಿಗೆ ಓಡಿ, ಕಳೆದ ಸಲ ನಾದಿನಿಗೆ ಕೊಟ್ಟದ್ದೇ ಮಾತ್ರೆ ಕೊಡಿ ಎನ್ನಬೇಡಿ. ನಾದಿನಿಯ ಕಡ್ಡಿ ಬೇರೆ, ಅತ್ತೆಯ ಕಡ್ಡಿ ಬೇರೆ. ಕೆಲವು ಕಡ್ಡಿಗಳಿಗೆ ಐದು ದಿನದ ಮಾತ್ರೆ ಸಾಕು. ಕ್ಷಯದ ಕಡ್ಡಿಗೆ ಸಾಮಾನ್ಯವಾಗಿ ಆರು ತಿಂಗಳು ಬೇಕು, ಏಕೆಂದರೆ ಇ. ಕೋಲೈ ಇಪ್ಪತ್ತು ನಿಮಿಷಕ್ಕೆ ಎರಡಾದರೆ ಇದು ಎರಡಾಗಲು ಹೆಚ್ಚುಕಡಿಮೆ ಇಡೀ ದಿನ ತೆಗೆದುಕೊಳ್ಳುತ್ತದೆ, ಸಾಯುವುದೂ ನಿಧಾನ. ಎರಡು ವಾರ ದಾಟಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಔಷಧಿಯೂ ಉಚಿತ. ಡಾಕ್ಟರ ಮುಂದೆ ಕೂತಾಗ ಬಾಯಿಬಿಟ್ಟು ಕೇಳಿ, ಯಾವ ಕಡ್ಡಿ ಡಾಕ್ಟ್ರೇ?

ಗುಂಡಗಿನವುಗಳ ಬಗ್ಗೆ ಎರಡು ಮಾತು ಹೇಳಬೇಕೆಂದಿದ್ದೆ, ಕೆಂಪು ದೀಪ ಹತ್ತಿಬಿಟ್ಟಿತು. ನಮಸ್ಕಾರ.