ಗಂಧದ ಗಿಡಕ್ಕೆ ತೊಗರಿಯ ಜೊತೆ

ಇದು ಅರಸೀಕೆರೆ ಹತ್ತಿರ ನಮ್ಮ ತೋಟ. ತೆಂಗಿನ ನೆರಳಲ್ಲಿ ಜೋಡಿಸಿರೋ ಈ ಎರಡು ಸಾಲು ಕವರ್ ನೋಡಿ. ಎರಡೂ ಶ್ರೀಗಂಧವೇ. ಒಂದೇ ದಿನ ಹಾಕಿದ ಬೀಜ, ಅದೇ ಮಣ್ಣು, ಅದೇ ನೀರು. ಆದರೆ ಎಡಗಡೆಯವು ಗೇಣುದ್ದಕ್ಕೇ ನಿಂತುಬಿಟ್ಟಿವೆ, ಎಲೆಯೆಲ್ಲ ಹಳದಿ. ಬಲಗಡೆಯವು ಮೊಳ ದಾಟಿವೆ. ಅಲ್ಲಿ ಪ್ರತಿ ಕವರಿನಲ್ಲೂ ಗಂಧದ ಜೊತೆ ಒಂದೊಂದು ತೊಗರಿ ಗಿಡ ಇದೆ. ವ್ಯತ್ಯಾಸ ಅಷ್ಟೇ.

ಎರಡು ವರ್ಷದ ಹಿಂದೆ ನನಗೆ ಇದು ಗೊತ್ತಿರಲಿಲ್ಲ. ಸಸಿ ತಂದು ನೆಟ್ಟೆ. ಕವರಿನಲ್ಲಿ ಜೊತೆಗಿದ್ದ ಗಿಡವನ್ನು ಕಳೆ ಅಂದುಕೊಂಡು ಕಿತ್ತೆಸೆದೆ! ಸುತ್ತಲೂ ಒಂದು ಹುಲ್ಲುಕಡ್ಡಿ ಬಿಡದ ಹಾಗೆ ಕೆತ್ತಿದೆ. ಮಳೆಗಾಲ ಕಳೆಯೋ ಹೊತ್ತಿಗೆ ಮುಕ್ಕಾಲು ಪಾಲು ಒಣಗಿದವು. ಅಪ್ಪ ಬಂದು ನೋಡಿ, "ಬೇಲಿಯಲ್ಲಿ ಹಕ್ಕಿ ಉದುರಿಸಿದ ಬೀಜ ಮರ ಆಗಿದೆಯಲ್ಲ, ಅದಕ್ಕೆ ಯಾರು ಕಳೆ ಕಿತ್ತರು?" ಅಂದರು.

ಅಪ್ಪನೂ ಗಂಧ ಬೆಳೆದವರಲ್ಲ. 2001ರಲ್ಲಿ ಕಾನೂನು ತಿದ್ದುವವರೆಗೆ ನಮ್ಮ ಜಮೀನಲ್ಲಿ ಹುಟ್ಟಿದ ಗಂಧವೂ ಸರ್ಕಾರದ್ದೇ. ಬೆಳೆಸೋ ಉಸಾಬರಿ ಯಾರಿಗೆ ಬೇಕಿತ್ತು, ಅಲ್ವಾ?

ಈ ಕವರ್ ಹರಿದು ಮಣ್ಣು ತೊಳೆಯುತ್ತೇನೆ. ಇಲ್ಲಿ, ತೊಗರಿ ಬೇರಿಗೆ ಅಂಟಿರೋ ಸಣ್ಣ ಗಂಟು ಕಾಣಿಸ್ತಾ? ಅದು ಗಂಧದ ಬೇರಿನದ್ದು. ಹಾಸ್ಟೋರಿಯಾ ಅಂತಾರೆ, ನಾನು ಹೀರುಗಂಟು ಅಂತೀನಿ. ಗಂಧದ ಎಲೆ ಹಸಿರು, ಬಿಸಿಲಲ್ಲಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ನೀರು, ಸಾರಜನಕ, ರಂಜಕದಂಥವಕ್ಕೆ ಈ ಗಂಟಿನ ಮೂಲಕ ಪಕ್ಕದ ಮನೆ ಬಾಗಿಲು ತಟ್ಟುತ್ತದೆ. ಮೊದಮೊದಲು ಬೀಜದೊಳಗಿನ ಸತ್ವದಲ್ಲೇ ದಿನ ದೂಡುತ್ತದೆ. ಅದು ಮುಗಿದ ಮೇಲೆ ಆಸರೆ ಸಿಗದಿದ್ದರೆ ಎಡಗಡೆ ಸಾಲಿನ ಗತಿ. ತೊಗರಿ ಗಾಳಿಯ ಸಾರಜನಕವನ್ನು ತನ್ನದೇ ಬೇರಿನ ಗಂಟುಗಳಲ್ಲಿ ಹಿಡಿದಿಡುತ್ತದೆ, ಆ ಗಂಟು ಬೇರೆ, ಹೀರುಗಂಟು ಬೇರೆ. ಅದರಲ್ಲಿ ಗಂಧಕ್ಕೂ ಪಾಲು.

ಹಾಗಂತ ತೊಗರಿಯನ್ನು ಅದರ ಪಾಡಿಗೆ ಬಿಟ್ಟರೂ ಕಷ್ಟ. ಎತ್ತರಕ್ಕೆ ಹೋಗಿ ಗಂಧಕ್ಕೆ ಬಿಸಿಲೇ ಬೀಳದಂತೆ ಮಾಡುತ್ತದೆ. ಅದಕ್ಕೇ ಕುಡಿ ಸವರುತ್ತಾ ಇರಬೇಕು. ಹೊನಗೊನ್ನೆ ಸೊಪ್ಪು ಹಾಕಿದರೆ ಈ ತಲೆನೋವು ಕಮ್ಮಿ, ಅದು ನೆಲದ ಮೇಲೇ ಹರಡುತ್ತದೆ. ಮುಂದಿನ ಸಲ ಅರ್ಧಕ್ಕೆ ಅದನ್ನೇ ಹಾಕುತ್ತೇನೆ.

ತೊಗರಿಯ ಆಯಸ್ಸೂ ಜಾಸ್ತಿ ಇಲ್ಲ. ಹೊಲಕ್ಕೆ ನೆಟ್ಟ ಮೇಲೆ ಬಹುಕಾಲ ಬಾಳೋ ಜೊತೆಗಾರ ಬೇಕು. ನಾನು ಹೊಂಗೆ, ಸರ್ವೆ ಸಸಿ ತಂದಿಟ್ಟಿದ್ದೇನೆ, ಗುಂಡಿ ತೆಗೆದಾಗಿದೆ.

ಹಿಂದೆ ಕೇಳಿಸ್ತಿರೋದು ಅಮ್ಮನ ದನಿ. "ಕಾಯಿ ಬಿಡೋ ಗಿಡಾನ ಹಿಂಗೆ ಬೋಳಿಸ್ತೀಯಲ್ಲೋ!"